ನಿವಾಳಿಸಿ ಬಿಟ್ಟ ಪ್ರಾಣಿಗಳಿಗೆ ನಾನು ಮನೆ ಕೊಟ್ಟದ್ದು

ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಜಾಯಮಾನ ನನ್ನದಲ್ಲ. ನಮ್ಮ ಗಜೇಂದ್ರಗಡದ ಗುಡ್ಡ ಆನೆಯ ಆಕಾರದಲ್ಲಿದೆ, ಊರಿಗೆ ಹೆಸರು ಬಂದದ್ದೇ ಅದರಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಆ ಗುಡ್ಡವನ್ನು ನಾಲ್ಕೂ ದಿಕ್ಕಿನಿಂದ ಪರೀಕ್ಷಿಸಿದ್ದೇನೆ. ಮೂರು ದಿಕ್ಕಿನಿಂದ ಅದು ಗುಡ್ಡದ ಆಕಾರದಲ್ಲಿಯೇ ಇದೆ. ನಾಲ್ಕನೆಯ ದಿಕ್ಕಿನಿಂದ ಮಲಗಿದ ಎಮ್ಮೆಯನ್ನು ಹೋಲುತ್ತದೆ. ಈ ಸಂಶೋಧನೆಯನ್ನು ನಾನು ಅನೇಕರ ಮುಂದೆ ಮಂಡಿಸಿದ್ದೇನೆ. ಮಂಡಿಸಿದ ಮೇಲೆ ಅವರು ಬೇರೆ ದಾರಿಯಿಂದ ಓಡಾಡತೊಡಗಿದ್ದಾರೆ.

ನನ್ನ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯಿತು. ಉಳಿದ ವಿದ್ಯೆಯನ್ನು ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ನಾನೇ ಸಂಪಾದಿಸಿಕೊಂಡೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಸೀರೆ ನೇಯ್ದವನು ನಾನು. ಎಳೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಬಟ್ಟೆಯನ್ನು ಒಪ್ಪುವುದು ನೇಕಾರನಿಗೆ ಸಾಧ್ಯವಿಲ್ಲ. ಮಾತನ್ನೂ ನಾನು ಹಾಗೆಯೇ ಮುಟ್ಟಿ ನೋಡುತ್ತೇನೆ. ಇದರಿಂದ ನನಗೆ ಜ್ಞಾನ ಹೆಚ್ಚಿತು, ಸ್ನೇಹಿತರು ಕಡಿಮೆಯಾದರು.

ಆದರೆ ಪ್ರಾಣಿಗಳು ಎಂದೂ ನನ್ನೊಡನೆ ವಾದಕ್ಕೆ ನಿಂತವಲ್ಲ. ನಾನು ನೇಯುತ್ತಿದ್ದಾಗ ನನ್ನ ಕಾಲ ಬಳಿ, ಮಗ್ಗದ ಕುಣಿಯೊಳಗೆ, ಯಾವಾಗಲೂ ಒಂದು ಬೆಕ್ಕು ಮಲಗಿರುತ್ತಿತ್ತು. ಬೆಕ್ಕುಗಳು ಬದಲಾದವು, ಕುಣಿ ಬದಲಾಗಲಿಲ್ಲ. ಹೋದ ವರ್ಷ ಮೊಣಕಾಲಿನ ನೋವಿನಿಂದಾಗಿ ಮಗ್ಗ ನಿಲ್ಲಿಸಿದೆ. ಮನೆಗೆ ಅಂಟಿಕೊಂಡಿದ್ದ ಮಗ್ಗದ ಕೋಣೆ ಬರಿದಾಯಿತು. ಅದೇ ಸಮಯಕ್ಕೆ, ದೊಡ್ಡ ಊರುಗಳಲ್ಲಿ ಮನೆ ಕಳೆದುಕೊಂಡ ಸಾಕುಪ್ರಾಣಿಗಳಿಗಾಗಿ ಸಂಸ್ಥೆಗಳಿವೆಯೆಂದೂ, ಅಲ್ಲಿ ನಾಯಿಗಳಿಗೆ ಹಾಸಿಗೆ ಕೊಟ್ಟು, ಕೊನೆಗೆ ಒಳ್ಳೆಯ ಮನೆ ಹುಡುಕಿ ಕಳುಹಿಸುತ್ತಾರೆಂದೂ ಪತ್ರಿಕೆಯೊಂದರಲ್ಲಿ ಓದಿದೆ. ಮರುದಿನವೇ ನಿರ್ಧರಿಸಿದೆ: ಜೀವಮಾನದ ಪ್ರೀತಿಯನ್ನು ಸಂಸ್ಥೆಯನ್ನಾಗಿ ಪರಿವರ್ತಿಸತಕ್ಕದ್ದು!

ಬೋರ್ಡು ಬರೆಸಿದೆ. 'ಸಾಕುಪ್ರಾಣಿ ಆಶ್ರಯಧಾಮ. ಮನೆ ಕಳೆದುಕೊಂಡ ಪ್ರತಿ ಜೀವಕ್ಕೂ ಇಲ್ಲಿ ಮನೆಯುಂಟು.' ಅದರ ಕೆಳಗೆ ಮೂರು ನಿಯಮಗಳು. ಒಂದು, ಯಾವ ಪ್ರಾಣಿಯನ್ನೂ ತಿರಸ್ಕರಿಸುವುದಿಲ್ಲ. ಎರಡು, ಪ್ರತಿಯೊಂದರ ಪೂರ್ವಚರಿತ್ರೆಯನ್ನು ದಾಖಲಿಸಲಾಗುವುದು. ಮೂರು, ಪ್ರತಿಯೊಂದನ್ನೂ ಅದನ್ನು ಪ್ರೀತಿಸುವ ಮನೆಗೆ ತಲುಪಿಸಲಾಗುವುದು.

ನನ್ನ ಹೆಂಡತಿ ಗಂಗವ್ವ ಬೋರ್ಡನ್ನು ಓದಿ ಸೊಂಟದ ಮೇಲೆ ಕೈಯಿಟ್ಟಳು.

"ಯಾವದನ್ನೂ ತಿರಸ್ಕಾರ ಮಾಡಂಗಿಲ್ಲ ಅಂತ ಬರಸೀರಲ್ಲ, ಮ್ಯಾಲ ನೋಡ್ರಿ, ಹಲ್ಲಿ ನಗಾಕತ್ತೈತಿ."

"ಹಲ್ಲಿ ಸಾಕುಪ್ರಾಣಿ ಅಲ್ಲ."

"ಇನ್ನೂ ಆಗಿಲ್ಲ," ಎಂದಳು ಗಂಗವ್ವ.

ಎಂಟು ದಿನ ಕಳೆದರೂ ಒಂದು ಪ್ರಾಣಿಯೂ ಬರಲಿಲ್ಲ. ನಮ್ಮ ಊರಿನಲ್ಲಿ ಪ್ರಾಣಿಗಳು ಮನೆ ಕಳೆದುಕೊಳ್ಳುವುದು ಅಷ್ಟು ಸುಲಭವಲ್ಲವೆಂದು ಆಗ ತಿಳಿಯಿತು. ಓಣಿಯ ನಾಯಿಗೂ ಏಳು ಮನೆಗಳ ರೊಟ್ಟಿ ನಿಗದಿಯಾಗಿರುತ್ತದೆ. ನಾನೇ ಹುಡುಕಲು ಹೊರಟೆ. ಅಮಾವಾಸ್ಯೆಯ ಮರುದಿನ ಬೆಳಗ್ಗೆ ಲಕ್ಕಲಕಟ್ಟಿಯ ಕಡೆ ನಡೆದು ಹೋಗುತ್ತಿದ್ದಾಗ, ಮೂರು ದಾರಿ ಕೂಡುವ ಜಾಗದಲ್ಲಿ ಅದು ಕಂಡಿತು. ಕರಿ ಕೋಳಿ. ತಲೆಯ ಮೇಲೆ ಕುಂಕುಮ, ಕಾಲಿಗೆ ಕರಿ ದಾರ. ಸುತ್ತ ಯಾರೂ ಇಲ್ಲ. ಅದು ಮೇಯುತ್ತಿರಲಿಲ್ಲ, ಕೆದಕುತ್ತಲೂ ಇರಲಿಲ್ಲ. ಊರಿನ ಕಡೆ ಮುಖ ಮಾಡಿ ಸುಮ್ಮನೆ ನಿಂತಿತ್ತು, ಬರಬೇಕಾದವನಿಗಾಗಿ ಕಾದಂತೆ. ನಾನು ಹತ್ತಿರ ಹೋದೆ. ಓಡಲಿಲ್ಲ. ಎತ್ತಿಕೊಂಡೆ. ಕೈಗೆ ಅಸಹಜವಾದ ತಂಪು.

ಬೆಳಗಿನ ಚಳಿಯಲ್ಲಿ ನಿಂತ ಕೋಳಿ ತಂಪಾಗಿರುತ್ತದೆ. ಇದರಲ್ಲಿ ವಿಶೇಷವೇನಿಲ್ಲ.

ಗಂಗವ್ವ ಬಾಗಿಲಲ್ಲೇ ತಡೆದಳು. "ಅಯ್ಯ ನಮ್ಮವ್ವ! ಯಾರೋ ನೀವಾಳಿಸಿ ಒಗದ ಕೋಳಿ ಅದು! ಎತ್ತಿಕೊಂಡು ಬಂದೀರಲ್ಲ, ನಿಮಗ ಖಬರ್ ಐತೇನು?"

ಸಂಗತಿ ನನಗೆ ಗೊತ್ತಿರಲಿಲ್ಲವೆಂದು ಓದುಗರು ಭಾವಿಸಬಾರದು. ನಮ್ಮ ಕಡೆ ಯಾರಿಗಾದರೂ ಬಿಡದ ಕಾಯಿಲೆಯೋ ಅಂಜಿಕೆಯೋ ಹತ್ತಿದರೆ, ಕರಿ ಕೋಳಿಯನ್ನು ಅವರ ಸುತ್ತ ನಿವಾಳಿಸಿ, ಊರ ಸೀಮೆಯ ಆಚೆ ಜೀವಂತ ಬಿಟ್ಟು ಬರುತ್ತಾರೆ. ಬಿಟ್ಟವರು ಹಿಂದಿರುಗಿ ನೋಡುವಂತಿಲ್ಲ, ದಾರಿಯಲ್ಲಿ ಯಾರೊಡನೆಯೂ ಮಾತಾಡುವಂತಿಲ್ಲ. ಪೀಡೆ ಕೋಳಿಯೊಡನೆ ಹೋಯಿತೆಂದು ಲೆಕ್ಕ. ಆ ಕೋಳಿಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿಲ್ಲ. ನನ್ನ ಆಕ್ಷೇಪ ಇರುವುದು ಅಲ್ಲಿಯೇ!

"ಮುಟ್ಟಿದವರಿಗೆ ಪೀಡಾ ಹತ್ತಿದ್ದನ್ನ ಯಾರ ನೋಡ್ಯಾರ? ಒಬ್ಬರ ಹೆಸರ ಹೇಳು," ಎಂದೆ.

"ನೋಡಿದವರು ಹೇಳಾಕ ಉಳಿದಿಲ್ಲ!" ಎಂದಳು ಗಂಗವ್ವ.

ಇಂಥ ವಾದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ನಾನು ಕೋಳಿಯನ್ನು ಮಗ್ಗದ ಕೋಣೆಗೆ ಒಯ್ದು, ಕುಂಕುಮ ಒರೆಸಿ, ದಾರ ಕತ್ತರಿಸಿ, ಜೋಳ ಹಾಕಿದೆ. ಸಂಸ್ಥೆಗೆ ಮೊದಲ ನಿವಾಸಿ ಬಂದಿತ್ತು.

ಮೂರನೆಯ ದಿನ ಕೋಳಿ ಕೆಮ್ಮಿತು.

ಕೋಳಿಗಳು ಕೆಮ್ಮುವುದುಂಟು. ಆದರೆ ಇದು ಮೂರು ಸಲ ಕೆಮ್ಮಿ, ಸ್ವಲ್ಪ ತಡೆದು, ಭಾಷಣ ಆರಂಭಿಸುವವರಂತೆ "ಹ್ಞೂಂ" ಎಂದು ಗಂಟಲು ಸರಿಮಾಡಿಕೊಂಡಿತು. ಆ ಕೆಮ್ಮನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲೋ ಏನು, ಹನ್ನೆರಡು ವರ್ಷಗಳಿಂದ ಗೋಡೆಯ ಆಚೆ ದಿನವೂ ಕೇಳಿದ್ದೆ! ಅದು ನೆರೆಮನೆಯ ಶಂಕ್ರಪ್ಪ ಮಾಸ್ತರರ ಕೆಮ್ಮು. ಕಿವಿಗೊಟ್ಟೆ. ಗೋಡೆಯ ಆಚೆ ನಿಶ್ಶಬ್ದ. ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನಿಶ್ಶಬ್ದ.

ಸ್ವಲ್ಪ ಹೊತ್ತಿಗೆ ಮಾಸ್ತರರ ತಲೆ ಗೋಡೆಯ ಮೇಲೆ ಕಾಣಿಸಿಕೊಂಡಿತು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು.

"ಈರಪ್ಪನವ್ರ, ಈಗ ಕೆಮ್ಮಿದವರು ಯಾರ್ರಿ?"

"ಕೋಳಿ, ಮಾಸ್ತರ್."

ಅವರು ಕಣ್ಣು ಮುಚ್ಚಿ ಆಲಿಸಿದರು. ಕೋಳಿ ಮತ್ತೆ ಮೂರು ಸಲ ಕೆಮ್ಮಿ "ಹ್ಞೂಂ" ಎಂದಿತು. ಮಾಸ್ತರರ ಮುಖದಲ್ಲಿ ಹಳೆಯ ವಿದ್ಯಾರ್ಥಿಯನ್ನು ಗುರುತಿಸಿದ ಭಾವ.

"ನಂದ ಅದು," ಎಂದರು ಮೆಲ್ಲಗೆ. "ಅಮಾಸಿ ದಿನ ನಮ್ಮಾಕಿ ಬಿಡಲಿಲ್ರಿ, ನೀವಾಳಿಸಿ ಬಿಟ್ಟು ಬಂದಳು. ಅಂದಿನಿಂದ ಎದಿ ಹಗರ ಆಗೇತಿ."

"ಮಾಸ್ತರ್, ನೀವು ವಿಜ್ಞಾನ ಕಲಿಸಿದವರು! ಮಗ್ಗದ ಕೋಣ್ಯಾಗ ನೂಲಿನ ಧೂಳ ಐತಿ. ಅದಕ್ಕ ಕೋಳಿ ಕೆಮ್ಮತೈತಿ."

"ಇರಬಹುದ್ರಿ. ನೀವು ಹೇಳೂದು ಖರೇ ಇರಬಹುದು." ಅವರು ಇಳಿಯುತ್ತ, ಮತ್ತೆ ತಲೆ ಎತ್ತಿದರು. "ಆದ್ರ ಅದನ್ನ ವಾಪಸ್ ಮಾತ್ರ ಕಳಸಬ್ಯಾಡ್ರಿ. ಕೈ ಮುಗೀತೀನಿ."

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಸೀಮೆಯವರೆಗೆ ನಡೆಯುವ ಅಗತ್ಯವಿಲ್ಲ, ಊರೊಳಗೇ ಒಬ್ಬ ಮುದುಕ ಬೋರ್ಡು ಹಾಕಿಕೊಂಡು ಪೀಡೆಗಳನ್ನು ಸ್ವೀಕರಿಸುತ್ತಾನೆ, ಯಾವುದನ್ನೂ ತಿರಸ್ಕರಿಸುವುದಿಲ್ಲ!

ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ಬರತೊಡಗಿದರು. ಆ ಸುದ್ದಿ ನನಗೆ ಇನ್ನೂ ತಿಳಿದಿರಲಿಲ್ಲ. ಸಾರ್ವಜನಿಕರು ಕೊನೆಗೂ ನನ್ನ ಸೇವೆಯನ್ನು ಅರ್ಥಮಾಡಿಕೊಂಡರೆಂದು ಹಿಗ್ಗಿದೆ. ಬಾಗಿಲಲ್ಲಿ ರಜಿಸ್ಟರ್ ಹಿಡಿದು ನಿಂತು, "ಬರ್ರಿ, ಬರ್ರಿ, ಕುಂಡ್ರರಿ, ಚಾ ಕುಡೀರಿ," ಎಂದು ಸ್ವಾಗತಿಸಿದೆ. ಬಂದವರು ನನ್ನ ಮುಖ ನೋಡಲಿಲ್ಲ. ಹೊಸ್ತಿಲ ಬಳಿ ಪ್ರಾಣಿಯನ್ನು ಇಳಿಸಿದರು, ಬೆನ್ನು ತಿರುಗಿಸಿದರು, ನಡೆದರು. ಒಬ್ಬರ ಹಿಂದೆ ಒಬ್ಬರು. ಯಾರ ಬಾಯಲ್ಲೂ ಒಂದು ಮಾತಿಲ್ಲ, ಯಾರ ಕುತ್ತಿಗೆಯೂ ತಿರುಗಲಿಲ್ಲ. ಮಬ್ಬು ಬೆಳಕಿನಲ್ಲಿ ಬರೀ ಬೆನ್ನುಗಳು ಓಣಿಯ ತುದಿಯವರೆಗೆ ಹೋಗಿ ಮರೆಯಾಗುತ್ತಿದ್ದವು.

ಎಂಥ ವಿನಯ! ದಾನ ಮಾಡಿ ಹೆಸರನ್ನೂ ಹೇಳದ ಜನ!

ಆದರೆ ಎರಡನೆಯ ನಿಯಮದ ಪ್ರಕಾರ ಪೂರ್ವಚರಿತ್ರೆ ದಾಖಲಾಗಬೇಕಲ್ಲ. ಒಬ್ಬ ಗಟ್ಟಿಮುಟ್ಟು ಗೃಹಸ್ಥನ ಹಿಂದೆ ರಜಿಸ್ಟರ್ ಹಿಡಿದು ಹೊರಟೆ. "ಯಜಮಾನ್ರ, ಸಹಿ ಒಂದು ಮಾಡ್ರಿ!" ಆತ ವೇಗ ಹೆಚ್ಚಿಸಿದ. ನಾನೂ ಹೆಚ್ಚಿಸಿದೆ. ಆತ ಓಡಿದ. ಮೊಣಕಾಲು ನೋವಿನ ನಾನೂ ಓಡಿದೆ! ಹಿಂದಿರುಗಿ ನೋಡುವಂತಿಲ್ಲವಾದ್ದರಿಂದ ಬೆನ್ನಟ್ಟುತ್ತಿರುವುದು ಈರಪ್ಪನೋ, ಬಿಟ್ಟುಬಂದ ಪೀಡೆಯೋ ಎಂದು ಪಾಪ ಆತನಿಗೆ ತಿಳಿಯುವ ಮಾರ್ಗವೇ ಇರಲಿಲ್ಲ. ಆತನ ಗಂಟಲಿನಿಂದ ಹೊರಟ ಸಣ್ಣ ಧ್ವನಿ ಇಂದಿಗೂ ನನ್ನ ಕಿವಿಯಲ್ಲಿದೆ. ಬಾಯಿ ಮುಚ್ಚಿಕೊಂಡೇ ಕಿರುಚುವುದು ಸಾಧ್ಯವೆಂದು ಅಂದು ತಿಳಿಯಿತು.

ವಿಷಯವನ್ನು ಬಿಡಿಸಿ ಹೇಳಿದವರು ಮಾಸ್ತರರು. "ದಾನ ಅಲ್ರಿ ಅದು. ಮೊದಲ ಲಕ್ಕಲಕಟ್ಟಿ ದಾರಿಗೆ ಬಿಡತಿದ್ರು. ಈಗ ನಿಮ್ಮಲ್ಲೆ ಬಿಡ್ತಾರ."

ಅಂದರೆ ಊರಿನ ಸೀಮೆ ಸರಿದು ಬಂದು ನನ್ನ ಹೊಸ್ತಿಲ ಮೇಲೆ ನಿಂತಿತ್ತು. ನಾನಿರುವುದು ಸೀಮೆಯ ಆಚೆಗೆ!

ತಿಂಗಳೊಳಗೆ ಮಗ್ಗದ ಕೋಣೆ ತುಂಬಿತು. ಕೋಳಿಗಳು ಸಿಗದಾದಾಗ ಶಾಸ್ತ್ರವೂ ಸಡಿಲಾಯಿತು, ಸಿಕ್ಕಿದ್ದನ್ನು ನಿವಾಳಿಸತೊಡಗಿದರು. ರೋಣದಿಂದ ಒಂದು ನಾಯಿ ಬಂತು. ಅದರ ಯಜಮಾನನಿಗೆ ಎಡಗಾಲು ಎಳೆಯುತ್ತಿತ್ತಂತೆ. ನಾಯಿ ಎಡಗಾಲು ಎಳೆಯುತ್ತಿತ್ತು. ನರಗುಂದದ ಕಾಳಿನ ವ್ಯಾಪಾರಿಯೊಬ್ಬರ ಬೆಕ್ಕು ಬಂತು. ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ನಲವತ್ತು ವರ್ಷ ಬೆಕ್ಕುಗಳನ್ನು ಕಾಲ ಬಳಿ ಮಲಗಿಸಿಕೊಂಡ ನಾನು, ಮಲಗದ ಬೆಕ್ಕನ್ನು ನೋಡಿದ್ದು ಅದೊಂದೇ. ಯಾವಾಗ ಹೋದರೂ ಎರಡು ಕಣ್ಣುಗಳು ತೆರೆದೇ ಇರುತ್ತಿದ್ದವು. ನಾಯಿಗೆ ಮುಳ್ಳು ಚುಚ್ಚಿರಬಹುದು, ಬೆಕ್ಕಿಗೆ ಹೊಸ ಜಾಗ ಒಗ್ಗಿರಲಿಕ್ಕಿಲ್ಲ ಎಂದು ರಜಿಸ್ಟರಿನಲ್ಲಿ ಬರೆದೆ. ಮುಳ್ಳು ಹುಡುಕಿದೆ. ಸಿಗಲಿಲ್ಲ. ಅದನ್ನು ಬರೆಯಲಿಲ್ಲ.

ಹಾಲಿನವಳು ನಮ್ಮ ಬಾಗಿಲಿಗೆ ಬರುವುದನ್ನು ಬಿಟ್ಟಳು. ಅಂಚೆಯವನು ಕಾಗದಗಳನ್ನು ಮಾಸ್ತರರ ಮನೆಗೆ ಕೊಡತೊಡಗಿದ. ಗಂಗವ್ವ ನನ್ನ ತಟ್ಟೆಯನ್ನು ಮಗ್ಗದ ಕೋಣೆಯ ಹೊಸ್ತಿಲಲ್ಲಿ ಇಟ್ಟು, ಸರಸರ ಹಿಂದೆ ಸರಿಯುತ್ತಿದ್ದಳು.

"ಹುಲಿಗಿ ಊಟ ಹಾಕೂವಾಗ ಹಿಂಗ ಮಾಡ್ತಾರ," ಎಂದು ನಾನು ಪ್ರತಿಭಟಿಸಿದೆ.

"ಹುಲಿ ಆಗಿದ್ರ ಚಲೋ ಇತ್ತು. ಹುಲಿಗಿ ಯಾರ ರೋಗನೂ ಅಂಟಿರಂಗಿಲ್ಲ."

ಮಧ್ಯಾಹ್ನಗಳು ಬೇರೆಯ ತರಹ ಇರುತ್ತಿದ್ದವು. ಊಟ ಮುಗಿದು ಓಣಿ ಸ್ತಬ್ಧವಾಗುವ ಹೊತ್ತು. ಬಿಸಿಲು ಬೆಳಕಿಂಡಿಯಿಂದ ಕೋಲಿನಂತೆ ಇಳಿದು ನೆಲಕ್ಕೆ ಊರುತ್ತಿತ್ತು. ಅದರೊಳಗೆ ನೂಲಿನ ಧೂಳು ಮೆಲ್ಲಗೆ ಸುತ್ತುತ್ತಿತ್ತು. ಆಗ ಕೋಳಿಗಳು ಕೆದಕುವುದನ್ನು ನಿಲ್ಲಿಸುತ್ತಿದ್ದವು. ನಾಯಿ ಎದ್ದು ನಿಲ್ಲುತ್ತಿತ್ತು. ಬೆಕ್ಕು ತಲೆ ತಿರುಗಿಸುತ್ತಿತ್ತು. ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ, ನನ್ನ ಹಳೆಯ ಮಗ್ಗದ ಕುಣಿಯತ್ತ ನೋಡುತ್ತ ನಿಲ್ಲುತ್ತಿದ್ದವು. ಅಲ್ಲಿ ಏನೂ ಇರಲಿಲ್ಲ. ನಾನು ಬಗ್ಗಿ ನೋಡಿದ್ದೆ. ಮೊಣಕಾಲುದ್ದದ ಕತ್ತಲೆ, ಅಷ್ಟೇ.

ಬಲ್ಲವರ ಮಾತನ್ನು ನಂಬದವನು ಕೋಳಿಗಳ ನೋಟವನ್ನು ನಂಬಬೇಕೇ? ಪ್ರಯೋಗ ಮಾಡತಕ್ಕದ್ದೆಂದು ನಿರ್ಧರಿಸಿ, ಒಂದು ಮಧ್ಯಾಹ್ನ ಆ ಹೊತ್ತಿಗೆ ಮುಂಚೆಯೇ ಕುಣಿಯೊಳಗೆ ಇಳಿದು ಕುಳಿತೆ. ಅವು ಏನನ್ನು ನೋಡುತ್ತವೆಂದು ಅವುಗಳ ಗುರಿಯಲ್ಲೇ ಕುಳಿತು ಅರಿಯುವುದು ನನ್ನ ಯೋಜನೆ. ಹೊತ್ತು ಬಂತು. ಸದ್ದು ನಿಂತಿತು. ತಲೆಗಳು ತಿರುಗಿದವು. ಅವೆಲ್ಲವೂ ನನ್ನನ್ನೇ ನೋಡುತ್ತಿದ್ದವು.

ಮಾಸ್ತರರ ಕೋಳಿ "ಹ್ಞೂಂ" ಎಂದಿತು.

ಕುಣಿಯಿಂದ ಮೇಲೇರಲು ನನಗೆ ಸಾಮಾನ್ಯವಾಗಿ ಹೆಂಡತಿಯ ಸಹಾಯ ಬೇಕು. ಅಂದು ಬೇಕಾಗಲಿಲ್ಲ!

ಇದೇ ದಿನಗಳಲ್ಲಿ ಪಿಂಕಿ ಬಂದದ್ದು. ಮುಶಿಗೇರಿಯ ಹನುಮವ್ವನೆಂಬ ಮುದುಕಿ ಒಂದು ಕರಿ ಆಡಿನ ಮರಿಯನ್ನು ತಂದು ಇಳಿಸಿದಳು. ಅವಳ ಮೊಣಕಾಲೂ ನನ್ನದರಂತೆಯೇ ಇದ್ದುದರಿಂದ ಓಡಿ ಹೋಗಲಾರದೆ ನನ್ನ ಕೈಗೆ ಸಿಕ್ಕಿಬಿದ್ದಳು. ಮೊದಲು ತುಟಿ ಬಿಗಿಹಿಡಿದಳು. ಆಮೇಲೆ, ಬಹುಶಃ ನನ್ನ ಮುಖ ನೋಡಿ, ಇನ್ನು ಇದಕ್ಕಿಂತ ಕೆಟ್ಟದ್ದಾಗಲಾರದು ಎನ್ನಿಸಿ ಹೇಳಿದಳು.

"ನನ್ನ ಮೊಮ್ಮಗಳು ಕಾವೇರಿ, ಏಳು ವರ್ಷದ್ದು. ಭಾವಿ ದಂಡಿಮ್ಯಾಗ ಕಾಲು ಜಾರಿ ಹೆಂಗೋ ಬಳ್ಳಿ ಹಿಡಕೊಂಡು ಉಳೀತ್ರಿ. ಅವತ್ತಿನಿಂದ ಬಾಯಿ ಹೋತು. ಒಂದ ತಿಂಗಳಾತು, ಒಂದ ಶಬ್ದ ಇಲ್ಲ. ದವಾಖಾನ್ಯಾಗ ಅಂಜಿಕಿ ಅಂದ್ರು, ಹೊತ್ತು ಹಿಡಿತೈತಿ ಅಂದ್ರು. ಮನ್ಯಾಗ ಕರೀದು ಇದೊಂದ ಇತ್ತು, ಆಕೀನ ಸಾಕಿದ್ದು. ಇದನ್ನ ನೀವಾಳಿಸಿ ತಂದೀನಿ."

"ಆಕಿಗಿ ಹೇಳೀರೇನು?"

ಹನುಮವ್ವ ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಬೆನ್ನು ತಿರುಗಿಸಿ, ಕುಂಟುತ್ತ ಹೋದಳು.

ಅವಳು ಮನೆ ಮುಟ್ಟುವ ಮುಂಚೆಯೇ ಮುಶಿಗೇರಿಯಲ್ಲಿ ಕಾವೇರಿ ಬಾಯಿ ಬಿಟ್ಟಿದ್ದಳಂತೆ. ಒಂದು ತಿಂಗಳ ಮೌನದ ಬಳಿಕ ಅವಳಾಡಿದ ಮೊದಲ ಮಾತು: "ಪಿಂಕಿ ಎಲ್ಲೆ?"

ಇತ್ತ ಪಿಂಕಿ ಕೂಗಲಿಲ್ಲ. ಆಡಿನ ಮರಿ ತಾಯಿಯಿಂದ ಅಗಲಿದರೆ ಓಣಿಯೆಲ್ಲ ಕೇಳುವಂತೆ ಅರಚುತ್ತದೆ. ಇದು ಬಾಯಿ ತೆರೆಯುತ್ತಿತ್ತು, ಕುತ್ತಿಗೆ ಚಾಚುತ್ತಿತ್ತು, ಗಂಟಲು ನಡುಗುತ್ತಿತ್ತು. ಧ್ವನಿ ಮಾತ್ರ ಹೊರಡುತ್ತಿರಲಿಲ್ಲ. ಗಂಟಲಿನ ಬೇನೆ ಎಂದು ದಾಖಲಿಸಿದೆ. ಪಶುವೈದ್ಯರು ಬಾಯಿ ಅಗಲಿಸಿ ನೋಡಿ, ಗಂಟಲು ಸ್ವಚ್ಛವಾಗಿದೆ ಎಂದರು. ಬರೆದದ್ದನ್ನು ಹೊಡೆದುಹಾಕಿದೆ. ಆ ಜಾಗ ಹಾಗೆಯೇ ಖಾಲಿ ಉಳಿಯಿತು.

ಐದನೆಯ ದಿನ ನನ್ನ ಫೋನು ರಿಂಗಣಿಸಿತು. ಬೋರ್ಡಿನ ಮೇಲೆ ನಂಬರು ಬರೆಸಿದ್ದೆ. ಹನುಮವ್ವನ ಮನೆಯವರು ಯಾರೋ ಅದನ್ನು ಗುರುತು ಹಾಕಿಕೊಂಡಿದ್ದರು. ಸಣ್ಣ ಧ್ವನಿ.

"ಅಜ್ಜಾ, ಪಿಂಕಿ ಕೈಯಾಗ ಫೋನ್ ಕೊಡು."

"ಪಿಂಕಿ ಆಡಿನ ಮರಿ, ತಂಗೀ."

"ಗೊತ್ತೈತಿ. ಕೊಡು."

ಎಪ್ಪತ್ತರ ಸಮೀಪದ ನಾನು ಫೋನನ್ನು ಮರಿಯ ಕಿವಿಗೆ ಹಿಡಿದು ಕುಳಿತೆ. ಆಚೆಯಿಂದ ಕಾವೇರಿ ಏನೇನೋ ಹೇಳಿದಳು. ಪಿಂಕಿ ಬಾಯಿ ತೆರೆಯಿತು, ಎಂದಿನಂತೆ ಗಂಟಲು ನಡುಗಿಸಿತು. ಶಬ್ದವಿಲ್ಲ. ನಾನು ಫೋನು ತೆಗೆದುಕೊಂಡೆ.

"ತಂಗೀ, ಅದಕ್ಕ ಗಂಟಲ ಸರಿ ಇಲ್ಲ. ಏನೂ ಅನ್ನಲಿಲ್ಲ."

"ಅಂದ್ಲಲ್ಲ," ಎಂದಳು ಕಾವೇರಿ. "ನನಗ ಕೇಳಿಸ್ತು."

ನನ್ನ ತೋಳಿನ ರೋಮಗಳು ಎದ್ದು ನಿಂತವು. ಮಧ್ಯಾಹ್ನದ ಬಿಸಿಲಿನಲ್ಲಿ!

ಆಮೇಲೆ ಹನುಮವ್ವ ಫೋನು ಕಸಿದುಕೊಂಡು ಅತ್ತಳು. ಹುಡುಗಿ ಮಾತು ಬಂದ ದಿನದಿಂದ ಊಟ ಬಿಟ್ಟಿದ್ದಾಳೆ, ಮರಿ ತಂದರೆ ಉಣ್ಣುತ್ತೇನೆ ಎನ್ನುತ್ತಾಳೆ, ದಿನದಿಂದ ದಿನಕ್ಕೆ ಸೊರಗುತ್ತಿದ್ದಾಳೆ. "ಆದ್ರ ನೀವು ತರಬ್ಯಾಡ್ರಿ. ಮರಿ ಬಂದ್ರ ಬಾಯಿ ಮತ್ತ ಹೋಕ್ಕತಿ. ಏನ ಮಾಡ್ಲಿ ಹೇಳ್ರಿ ಯಪ್ಪಾ?"

ನಿಯಮ ಮೂರು! ಪ್ರತಿ ಪ್ರಾಣಿಯನ್ನೂ ಅದನ್ನು ಪ್ರೀತಿಸುವ ಮನೆಗೆ ತಲುಪಿಸತಕ್ಕದ್ದು. ಅದಕ್ಕಾಗಿ ಉಪವಾಸ ಕುಳಿತ ಮನೆಗಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು? "ನಾಳಿ ಬರ್ತೀನಿ," ಎಂದೆ. "ಬಾಯಿ ಹೋಗೂದಿಲ್ಲ, ಏನೂ ಹೋಗೂದಿಲ್ಲ. ಅದಕ್ಕ ನಾ ಜಿಮ್ಮಾ."

ಬೆಳಗ್ಗೆ ಹೊರಟು ನಿಂತಾಗ ಗಂಗವ್ವ, ಪ್ರಾಣಿಗಳು ಬಂದ ಮೇಲೆ ಮೊದಲ ಬಾರಿಗೆ, ಮಗ್ಗದ ಕೋಣೆಯ ಹೊಸ್ತಿಲು ದಾಟಿ ಬಂದಳು. ಜಗಳಾಡಲಿಲ್ಲ. ನನ್ನ ಅಂಗಿಯ ಮೇಲಿನ ಕೋಳಿಪುಕ್ಕ ತೆಗೆದಳು.

"ಒಂದ ಮಾತು ಕೇಳ್ತೀನ್ರಿ. ನಿಮ್ಮ ವಾದ ಸುಳ್ಳಾದ್ರ ನಿಮಗೇನೂ ಆಗಂಗಿಲ್ಲ. ಆ ಕೂಸಿಗಿ ಮತ್ತ ಬಾಯಿ ಹೋತಂದ್ರ?"

"ಹೋಗಂಗಿಲ್ಲ."

"ಖರೇ ಗೊತ್ತೈತೇನು?"

"ಗೊತ್ತೈತಿ," ಎಂದೆ. ಬಹಳ ಗಟ್ಟಿಯಾಗಿ ಎಂದೆ. ಮುಟ್ಟಿ ನೋಡದ ಎಳೆಯನ್ನು ಒಪ್ಪಿದ್ದು ಜೀವಮಾನದಲ್ಲಿ ಅದೇ ಮೊದಲು.

ಬಸ್ಸಿನಲ್ಲಿ ನನ್ನನ್ನು ಯಾರೋ ಗುರುತಿಸಿದರು. "ಪೀಡಾ ಇಟಗೊಳ್ಳೂ ಅಜ್ಜ!" ಎಂಬ ಪಿಸುಮಾತು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಹರಿಯಿತು. ತುಂಬಿದ ಬಸ್ಸಿನಲ್ಲಿ ನಾಲ್ಕು ಸೀಟುಗಳು ನನಗೊಬ್ಬನಿಗೇ ದೊರೆತವು. ಕಂಡಕ್ಟರು ಟಿಕೆಟನ್ನು ದೂರದಿಂದಲೇ ಚಾಚಿ ಕೇಳಿದ: "ಅಜ್ಜಾರ, ಇದರಾಗ ಇರೂದು ಯಾವದ್ರಿ? ಹತ್ತುವಂಥಾದ್ದೇನು?"

"ಆಡಿನ ಮರಿ, ತಮ್ಮಾ."

"ಅದು ಕಾಣತೈತ್ರಿ. ಒಳಗ ಯಾವದು?"

ಮುಶಿಗೇರಿಯಲ್ಲಿ ಹನುಮವ್ವನ ಮನೆಯ ಮುಂದೆ ಜನ ನೆರೆದಿದ್ದರು. ನೆರೆದಿದ್ದರು ಎಂದರೆ, ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಒಬ್ಬರೂ ಕೆಮ್ಮಲಿಲ್ಲ. ಹೆಂಗಸರು ಮಕ್ಕಳ ಮುಖಗಳನ್ನು ಸೆರಗಿನಿಂದ ಮುಚ್ಚಿದರು. ಇಂಥ ಏಕಾಗ್ರ ಸಭೆ ನನಗೆ ಜನ್ಮದಲ್ಲಿ ದೊರೆತಿರಲಿಲ್ಲ. ಅಂಗಳದ ನಡುವೆ ನಿಂತು, ಮರಿಯನ್ನು ಕಂಕುಳಲ್ಲಿ ಹಿಡಿದು, ಭಾಷಣ ಆರಂಭಿಸಿದೆ. ಅಂಜಿಕೆ ಮನಸ್ಸಿನದು, ಮನಸ್ಸಿನ ಬೇನೆ ಪ್ರಾಣಿಗೆ ದಾಟಲಾರದು, ಕಂಡು ಪರೀಕ್ಷಿಸದೆ ಯಾವುದನ್ನೂ ನಂಬಬಾರದು ಎಂದೆಲ್ಲ ವಿವರಿಸಿದೆ. ಚೆನ್ನಾಗಿಯೇ ಮಾತಾಡಿದೆ. ಆಗ ಬಾಗಿಲಲ್ಲಿ ಕಾವೇರಿ ಕಾಣಿಸಿಕೊಂಡಳು.

ಕಡ್ಡಿಯಂಥ ಕೈಕಾಲು, ಕಣ್ಣು ಮಾತ್ರ ದೊಡ್ಡವು. ಮರಿಯನ್ನು ಕಂಡವಳೇ "ಪಿಂಕೀ!" ಎಂದು ಎರಡೂ ಕೈ ಚಾಚಿ ಓಡಿ ಬಂದಳು. ಹತ್ತು ಹೆಜ್ಜೆ. ಐದು ಹೆಜ್ಜೆ. ನನ್ನ ಕಂಕುಳಲ್ಲಿ ಮರಿ ಬಾಯಿ ತೆರೆಯಿತು, ಆ ಶಬ್ದವಿಲ್ಲದ ಬಾಯಿ. ನನಗೆ ಕೆಮ್ಮುವ ಕೋಳಿ ನೆನಪಾಯಿತು. ಮಲಗದ ಬೆಕ್ಕು ನೆನಪಾಯಿತು. ಈ ಹುಡುಗಿಯ "ಪಿಂಕೀ" ಎಂಬ ಕೂಗು ನಾನು ಕೇಳುವ ಕೊನೆಯ ಕೂಗಾದರೆ?

"ಮುಟ್ಟಬ್ಯಾಡ!"

ಯಾರೋ ಕಿರುಚಿದರು. ಎರಡು ಹೆಜ್ಜೆ ಹಿಂದೆ ಸರಿದರು. ಯಾರೆಂದು ನಾನು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಕಾವೇರಿ ನಿಂತುಬಿಟ್ಟಳು. "ಯಾಕ ಅಜ್ಜಾ?"

ಯಾವ ಪ್ರಶ್ನೆಗೂ ಉತ್ತರವಿಲ್ಲದೆ ಹೋದವನಲ್ಲ ನಾನು. ಬಾಯಿ ತೆರೆದೆ. ಕುತ್ತಿಗೆ ಚಾಚಿದೆ. ಗಂಟಲು ನಡುಗಿತು. ಧ್ವನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದೆ. ಗಾಳಿ ಮಾತ್ರ ಬಂತು. ಅದೇ ಕ್ಷಣದಲ್ಲಿ ನನ್ನ ಕಂಕುಳೊಳಗಿಂದ, ಮುಶಿಗೇರಿಯೆಲ್ಲ ಕೇಳುವಂತೆ, ಪಿಂಕಿ "ಮ್ಯಾಂ!" ಎಂದು ಅರಚಿತು.

ಹಿಂದಿನ ಸಾಲಿನಿಂದ ಒಬ್ಬ ಗಂಡಸಿನ ಮೆಲುದನಿ: "ಅಜ್ಜಗ ಹತ್ತಿತು."

ಕಾವೇರಿ ಯಾರ ಅಪ್ಪಣೆಗೂ ಕಾಯಲಿಲ್ಲ. ಬಂದು ನನ್ನ ಕಂಕುಳಿನಿಂದ ಮರಿಯನ್ನು ಎಳೆದುಕೊಂಡಳು, ಅದರ ಮೂಗಿಗೆ ಮೂಗು ಉಜ್ಜಿದಳು. ಅವಳ ಅಜ್ಜಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ನಾವಿಬ್ಬರೂ ಕತ್ತಲಲ್ಲಿ ನಿಂತಿದ್ದಾಗ ಆ ಹುಡುಗಿಯ ಧ್ವನಿ ಕೇಳಿತು, ಸ್ಪಷ್ಟವಾಗಿ.

"ಯವ್ವಾ, ಹಸಿವಿ ಆಗೇತಿ. ಪಿಂಕಿಗೂ ಆಗೇತಿ. ಅಜ್ಜಗ ಏನಾತು, ಬಾಯಿ ತಕ್ಕೊಂಡ ನಿಂತಾನಲ್ಲ?"

ಹನುಮವ್ವ ಹುಡುಗಿಯನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಕಾವೇರಿ ಉಂಡಳು. ಎರಡು ರೊಟ್ಟಿ. ಎರಡರ ನಡುವೆ ಮಾತಾಡುವುದನ್ನು ನಿಲ್ಲಿಸಲೇ ಇಲ್ಲ. ಇಡೀ ಊರಿನಲ್ಲಿ ಮಾತಿಲ್ಲದೆ ಕುಳಿತವನು ನಾನೊಬ್ಬನೇ, ಕಟ್ಟೆಯ ಮೇಲೆ, ಬಾಯಿ ಹೋದ ತಿಂಗಳಿಡೀ ಆ ಹುಡುಗಿ ಕುಳಿತಿರುತ್ತಿದ್ದ ಜಾಗದಲ್ಲೇ ಎಂದು ಆಮೇಲೆ ತಿಳಿಯಿತು. ನೀರು ಕೊಟ್ಟರು, ಕುಡಿದೆ. ಬೆನ್ನು ತಟ್ಟಿದರು. ಬಂದದ್ದು ಗಾಳಿಯೇ.

ಹನುಮವ್ವ ನೆರೆಮನೆಗೆ ಹೋಗಿ ಬಂದಳು. ಅವಳ ಕೈಯಲ್ಲಿ ಕರಿ ಕೋಳಿ.

ನಾನು ಎರಡೂ ಕೈ ಅಲುಗಾಡಿಸಿದೆ. ತಲೆಯನ್ನು ಬಲವಾಗಿ ಆಡಿಸಿದೆ. ನನ್ನ ಸಿದ್ಧಾಂತ, ನನ್ನ ಗ್ರಂಥಾಲಯ, ನನ್ನ ಎಪ್ಪತ್ತು ವರ್ಷಗಳ ಸಂದೇಹಗಳು! ಆದರೆ ಬಾಯಿಲ್ಲದವನ ಆಕ್ಷೇಪ ಯಾರಿಗೆ ಕೇಳೀತು? ಅವಳು ಕೋಳಿಯನ್ನು ನನ್ನ ತಲೆಯಿಂದ ಕಾಲಿನವರೆಗೆ ಮೂರು ಸುತ್ತು ನಿವಾಳಿಸಿದಳು. ಅದರ ರೆಕ್ಕೆಯ ಗಾಳಿ ಮುಖಕ್ಕೆ ತಗುಲಿತು. ಕಾವೇರಿ ಬಾಯ್ತುಂಬ ರೊಟ್ಟಿ ಇಟ್ಟುಕೊಂಡು, ಸುತ್ತುಗಳನ್ನು ಗಟ್ಟಿಯಾಗಿ ಎಣಿಸಿದಳು.

ಮೂರನೆಯ ಸುತ್ತಿಗೆ ನನ್ನ ಗಂಟಲು ತೆರೆಯಿತು.

"ಇದೆಲ್ಲಾ ಸುಳ್ಳು!" ಎಂದೆ.

"ಹೌದ್ರಿ, ಸುಳ್ಳು," ಎಂದಳು ಹನುಮವ್ವ ಸಮಾಧಾನದಿಂದ. "ಕೋಳಿ ಗಟ್ಟಿ ಹಿಡಕೋರಿ."

"ನನ್ನ ಕೈಗೆ ಯಾಕ?"

"ಮತ್ತೆಲ್ಲಿ ಬಿಡೂಣು? ಈಗ ಬಿಡೂ ಜಾಗ ಅಂದ್ರ ನಿಮ್ಮದ ಅಲ್ಲೇನ್ರಿ?"

ಹೀಗೆ, ನನ್ನಿಂದಲೇ ತೆಗೆದ ಅಂಜಿಕೆಯನ್ನು ನನ್ನ ಮಡಿಲಲ್ಲೇ ಕೂರಿಸಿಕೊಂಡು ಬಸ್ಸು ಹತ್ತಿದ ಪ್ರಥಮ ವ್ಯಕ್ತಿ ಈ ಭಾಗದಲ್ಲಿ ನಾನೇ ಇರಬೇಕು. ಕಂಡಕ್ಟರು ನನ್ನನ್ನೂ ಕೋಳಿಯನ್ನೂ ಒಮ್ಮೆ ನೋಡಿ, ಏನೂ ಕೇಳದೆ ಮುಂದೆ ಹೋದ.

ಗಂಗವ್ವ ಬಾಗಿಲಲ್ಲೇ ಕಾದಿದ್ದಳು. "ಕೂಸು?" ಎಂದಳು ಮೊದಲು.

"ಉಂಡ್ಲು. ಮಾತಾಡಾಕತ್ತಾಳ. ನಿಲ್ಲಸೂದ ಕಠಿಣ ಆಗೇತಿ."

ಗಂಗವ್ವ ದೊಡ್ಡ ಉಸಿರು ಬಿಟ್ಟಳು. ಆಮೇಲೆ ನನ್ನ ಕೈಯ ಕಡೆ ನೋಡಿದಳು. "ಇದು ಯಾರದು?"

ಗಂಟಲು ನೋಯುತ್ತಿದೆಯೆಂದು ಸನ್ನೆ ಮಾಡಿ ಒಳಗೆ ಹೋದೆ.

ಕಾವೇರಿ ಈಗ ದಿನವೂ ಫೋನು ಮಾಡುತ್ತಾಳೆ. ಪಿಂಕಿಯ ಮಾತನ್ನು ನನಗೆ ಕೇಳಿಸುತ್ತಾಳೆ, ಅದರ ಅರ್ಥವನ್ನೂ ಬಿಡಿಸಿ ಹೇಳುತ್ತಾಳೆ. ಕೊನೆಯಲ್ಲಿ ತಪ್ಪದೆ ಕೇಳುತ್ತಾಳೆ: "ಅಜ್ಜಾ, ನಿನ್ನ ಕೋಳಿ ಹ್ಯಾಂಗ ಐತಿ?"

ಚೆನ್ನಾಗಿದೆ. ಜೋಳ ತಿನ್ನುತ್ತದೆ, ತತ್ತಿ ಇಡುತ್ತದೆ. ಓಣಿಯ ಮಕ್ಕಳು ಪ್ರೀತಿಯಿಂದ ಕೈ ಚಾಚಿ ಹತ್ತಿರ ಬಂದರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಅದನ್ನು ಗದರಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಯಾವ ಮುಖ ಇಟ್ಟುಕೊಂಡು ಗದರಿಸಲಿ!